ಪೆಟ್ರೋಲ್ ರೈಲು ಕಂಡವರು

ಮನೆಯಲ್ಲಿ ಮಾತಿಗೆ ಜನ ಇಲ್ಲದವನು ಸಂಶೋಧನೆಗೆ ಇಳಿದರೆ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವನು. ನಿವೃತ್ತಿಯಾಯಿತು, ಹೆಂಡತಿ ತೀರಿಕೊಂಡಳು, ಕುಕ್ಕರಿನ ಸೀಟಿ ಬಿಟ್ಟರೆ ಮನೆಯಲ್ಲಿ ಬೇರೆ ದನಿಯಿಲ್ಲ. ಆಗ ತಲೆಗೆ ಹತ್ತಿದ್ದು ಪೆಟ್ರೋಲ್ ರೈಲು. ಉಗಿಬಂಡಿಯ ಕಾಲದಲ್ಲೇ, ಬಸ್ಸಿನಂಥ ಒಂದೇ ಡಬ್ಬಿಗೆ ಪೆಟ್ರೋಲ್ ಎಂಜಿನ್ ಕೂರಿಸಿ ಹಳಿಯ ಮೇಲೆ ಓಡಿಸುತ್ತಿದ್ದರು. ಅದು ನಮ್ಮ ಹೊಸಪೇಟೆ–ಕೊಟ್ಟೂರು ಹಳಿಯ ಮೇಲೂ ಓಡಿತ್ತೇ? ನಾನು ಓದಿದ ಯಾವ ಪುಸ್ತಕದಲ್ಲೂ ಉತ್ತರ ಸಿಗಲಿಲ್ಲ. ಕಣ್ಣಾರೆ ಕಂಡವರು ಒಬ್ಬರು ಸಿಕ್ಕರೆ ಸಾಕು ಎಂದು ಊರೂರು ತಿರುಗತೊಡಗಿದೆ.

ಚಪ್ಪಲಿ

ಹಗರಿಬೊಮ್ಮನಹಳ್ಳಿ ಸ್ಟೇಷನ್ ಹತ್ತಿರ, ಹಳೆಯ ಗುರುತೇನಾದರೂ ಇದ್ದೀತೆಂದು ಬಗ್ಗಿ ನೋಡುತ್ತಿದ್ದೆ. ಕುರಿ ಹೊಡೆದುಕೊಂಡು ಬಂದವನೊಬ್ಬ, "ಏನ್ ಕಳಕೊಂಡೀರಿ?" ಎಂದ.

"ಹಳೇದೊಂದು ಹುಡುಕಾಕತ್ತೀನಪ್ಪ."

ಅವನೂ ಬಗ್ಗಿದ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಬಂದು ಬಗ್ಗಿದರು. ಹುಡುಕುವುದು ಏನನ್ನು ಅಂತ ಯಾರೂ ಕೇಳಲಿಲ್ಲ, ನನಗೂ ಹೇಳುವ ಮನಸ್ಸಾಗಲಿಲ್ಲ. ಅಷ್ಟು ಜನರ ಜೊತೆ ಕೂಡಿ ಕೆಲಸ ಮಾಡಿ ಎಷ್ಟು ಕಾಲವಾಗಿತ್ತೋ! ಕೊನೆಗೆ ಕುರಿಯವನು ಜಾಲಿಗಿಡದ ಬುಡದಿಂದ ಒಂದು ಸವೆದ ಚಪ್ಪಲಿ ಎತ್ತಿ ತಂದ. ನನ್ನವೆರಡೂ ಕಾಲಲ್ಲೇ ಇದ್ದವು. ಅದನ್ನು ನೋಡಿಯೂ ಸಮಾಧಾನ ಹೇಳಿದ: "ತಗೋರಿ. ಇನ್ನೊಂದೂ ಇಲ್ಲೇ ಎಲ್ಲೋ ಇರತೈತಿ, ನಾಳಿ ಬರ್ರಿ."

ಬಣ್ಣ

ಕೊಟ್ಟೂರಿನಲ್ಲಿ ಬಳೆ ಮಾರುವ ಮುದುಕಿ, "ಯಾಕ ನೋಡಿಲ್ಲಪ್ಪ? ನಮ್ಮಪ್ಪನ ಹೆಗಲ ಮ್ಯಾಲೆ ಕುಂತು ನೋಡೀನಿ" ಎಂದಳು. ನಾನು ಅಲ್ಲೇ ಕೂತುಬಿಟ್ಟೆ.

"ಹೊಗೆ ಬರ್ತಿತ್ತೇನಮ್ಮ?"

"ಬರ್ತಿತ್ತು."

"ಪೆಟ್ರೋಲ್ ಗಾಡಿ ಅಲ್ವಾ, ಅಷ್ಟು ಬರ್ತಿರಲಿಕ್ಕಿಲ್ಲ."

"ಎಲ್ಲಿ ಬರ್ತಿತ್ತಪ್ಪ? ಬರ್ತಿದ್ದಿಲ್ಲ."

ಇರಲಿ, ವಯಸ್ಸಾಗಿದೆ ಎಂದುಕೊಂಡೆ. "ಬಣ್ಣ ಯಾವುದಿತ್ತು?"

ಮುದುಕಿ ಬಳೆ ಪೆಟ್ಟಿಗೆಗೆ ಕೈ ಹಾಕಿಯೇ ಕೇಳಿದಳು: "ನಿನಗ ಯಾವ್ದು ಬೇಕಪ್ಪ?"

ಹಡಗಲಿಯ ಸಾಕ್ಷಿ

ಹಡಗಲಿಯಲ್ಲಿ ರೈಲುಹಳಿಯೇ ಇಲ್ಲ. ನಾನು ಹೋಗಿದ್ದು ಮದುವೆಯ ಊಟಕ್ಕೆ. ಪಕ್ಕದ ಎಲೆಯ ಹಿರಿಯರು ತಾವಾಗಿಯೇ ಶುರುಮಾಡಿದರು: "ಪೆಟ್ರೋಲ್ ರೈಲಿನ ಮೇಷ್ಟ್ರು ನೀವೇ ಏನ್ರಿ? ಅದು ನಮ್ಮ ಮನಿ ಮುಂದ ಹೋಗ್ತಿತ್ತು."

"ಇಲ್ಲಿ ಹಳಿನೇ ಇಲ್ಲಲ್ರಿ?"

ಹೋಳಿಗೆ ಮುರಿಯುತ್ತ ಅವರೆಂದರು: "ಅದಕ್ಕ ನೋಡ್ರಿ, ಬಾಳ ದಿನ ನಡೀಲಿಲ್ಲ."

ಕೂಡ್ಲಿಗಿ ಬಸ್ ಸ್ಟ್ಯಾಂಡ್

ಆಮೇಲೆ ಸಾಕ್ಷಿಗಳಿಗೆ ಬರವೇ ಇಲ್ಲ. ಹರಪನಹಳ್ಳಿಯಲ್ಲಂತೂ ಒಬ್ಬರು ಅದರ ಹಾರ್ನನ್ನು ಬಾಯಲ್ಲೇ ಊದಿ ತೋರಿಸಿದರು. ಇಷ್ಟು ಜನ ಹೇಳಿದ ಮೇಲೆ ಓಡಿರಲೇಬೇಕೆಂದು ಲೇಖನ ಬರೆಯುವ ತಯಾರಿ ನಡೆಸಿದೆ.

ಒಂದು ದಿನ ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದ ಅಜ್ಜ ಹುರಿದ ಶೇಂಗಾ ಕೊಟ್ಟು, ಯಾವೂರಿಗೆ ಎಂದು ವಿಚಾರಿಸಿದರು. ಕೊಟ್ಟೂರಿಗೆ ಎಂದೆ.

"ಆ ಕಡೆ ಒಬ್ರು ಮೇಷ್ಟ್ರು ತಿರುಗಾಡ್ತಿರ್ತಾರ. ಪೆಟ್ರೋಲ್ ರೈಲು ನೋಡೀರೇನು ಅಂತ ಕೇಳ್ತಾರ. ಇಲ್ಲ ಅನಬ್ಯಾಡ್ರಿ ಮತ್ತ."

"ಯಾಕ್ರೀ?"

"ಇಲ್ಲ ಅಂದ್ರ ಎದ್ದು ಹೋಗಿಬಿಡ್ತಾರಂತ. ಹೂಂ ಅಂದ್ರ ಕುಂದರ್ತಾರ, ಚಾ ಕುಡೀತಾರ, ನಾಕು ಮಾತಾಡ್ತಾರ. ಹೆಂಡ್ತಿ ಹೋಗ್ಯಾಳಂತ, ಮನ್ಯಾಗ ಯಾರೂ ಇಲ್ಲಂತ, ಪಾಪ. ಅದಕ್ಕ ಎಲ್ಲಾರೂ ನೋಡೀವಿ ಅಂತಾರ."

ನನ್ನ ಸಾಕ್ಷಿಗಳೆಲ್ಲ ಒಂದೇ ಏಟಿಗೆ ಹೋದರು. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

ಕೊಟ್ಟೂರು ಬಸ್ಸು ಬಂದು ನಿಂತಿತು. ಏಳಲು ಮನಸ್ಸಾಗಲಿಲ್ಲ. ಅಜ್ಜ ಹೊರಟ ಬಸ್ಸನ್ನು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನನ್ನ ಕಡೆ ಸರಿದು ಕೂತು, ಇನ್ನೊಂದು ಹಿಡಿ ಶೇಂಗಾ ಕೈಗೆ ಹಾಕಿ ಹೇಳಿದರು:

"ಅವರೆಲ್ಲ ಸುಳ್ಳು ಹೇಳ್ಯಾರ್ರಿ ಮೇಷ್ಟ್ರೇ. ನಾ ಮಾತ್ರ ಖರೇನ ನೋಡೀನಿ."