ಹುಳ ಮಲಗಿದ ದಿನದ ಫುಟ್‌ಬಾಲ್

ನಮ್ಮ ಭಾವ ಲೋಕವನ್ನು ತಿದ್ದುತ್ತಿರುವ ಸಂಗತಿ ಲೋಕಕ್ಕೆ ಇನ್ನೂ ತಿಳಿದಿಲ್ಲ. ಅಕ್ಕನಿಗೆ ತಿಳಿದಿದೆ, ಆದರೆ ಅವಳು ಒಪ್ಪಿಲ್ಲ. ಅಕ್ಕೂರಿನ ಕಡೆ ಅವರನ್ನು ಎಲ್ಲರೂ ಕೋಚ್ ಎನ್ನುತ್ತಾರೆ. ಚೆಂಡನ್ನು ಒಮ್ಮೆಯೂ ಒದೆಯದ ಕೋಚ್ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ಹಾಗೆಂದು ಕೇಳಿದರೆ, "ಪುರೋಹಿತ್ರು ಮಾಡ್ಸೋ ಮದ್ವೇಲೆಲ್ಲ ಅವ್ರೇ ತಾಳಿ ಕಟ್ತಾರೇನ್ಲಾ?" ಎನ್ನುತ್ತಾರೆ.

ಇದೆಲ್ಲ ಶುರುವಾದದ್ದು ಬೆಂಗಳೂರಿನಲ್ಲಿ. ರೇಷ್ಮೆ ಬೆಳೆಗಾರರ ಸಭೆಗೆಂದು ಹೋದ ಭಾವ ಪಕ್ಕದ ಸಭಾಂಗಣಕ್ಕೆ ನುಗ್ಗಿಬಿಟ್ಟರು. ಅಲ್ಲಿ ಮಕ್ಕಳ ಫುಟ್‌ಬಾಲಿನಿಂದ ಜಗತ್ತನ್ನು ಹೇಗೆ ಬದಲಾಯಿಸಬಹುದು ಎಂದು ದೇಶವಿದೇಶದವರು ಮಾತಾಡುತ್ತಿದ್ದರು. ಜಾಗ ತಪ್ಪಿದ್ದು ತಿಳಿಯಲಿಲ್ಲವೇ? ತಿಳಿಯಿತಂತೆ, ಆದರೆ ಅಷ್ಟರಲ್ಲಿ ಊಟಕ್ಕೆ ಕರೆದರಂತೆ. ಉಂಡ ಮೇಲೆ ಎದ್ದು ಬರುವುದು ಮರ್ಯಾದೆಯಲ್ಲವೆಂದು, ಕೊನೆಗಾದರೂ ರೇಷ್ಮೆಯ ಮಾತು ಬಂದೀತೆಂದು ಸಂಜೆಯವರೆಗೆ ಕೂತರು. ಬರಲಿಲ್ಲ. ಬೇರೆ ಬೇರೆ ಮನೆಗಳ ಮಕ್ಕಳು ಒಂದೇ ಚೆಂಡಿನ ಹಿಂದೆ ಓಡಿದರೆ ದೊಡ್ಡವರ ಜಗಳ ನಿಲ್ಲುತ್ತದೆ, ಹೆಣ್ಣುಮಕ್ಕಳು ಮೈದಾನಕ್ಕಿಳಿದರೆ ಊರು ಬದಲಾಗುತ್ತದೆ ಎಂಬುದು ಮಾತ್ರ ತಲೆಗೆ ಹತ್ತಿಬಿಟ್ಟಿತು. ಅಲ್ಲಿ ಕೊಟ್ಟ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. ಅಕ್ಕ ಅದನ್ನು ತಿರುಗಿಸಿ ನೋಡಿ, "ಇದುಕ್ಕೆ ದಿನಕ್ಕೆಷ್ಟು ಸೊಪ್ಪು ಹಾಕ್ಬೇಕಂತೆ?" ಎಂದು ಕೇಳಿದಳು.

ಭಾವ ಊರಿನ ಮಕ್ಕಳನ್ನು ಸೇರಿಸಿ ಕಟ್ಟಿದ ತಂಡದಲ್ಲಿ ಅರ್ಧ ಹುಡುಗರು, ಅರ್ಧ ಹುಡುಗಿಯರು. ಹುಡುಗಿಯ ಕಾಲಿಗೆ ಒಮ್ಮೆಯಾದರೂ ತಾಗದೆ ಹೋದ ಚೆಂಡು ಗೋಲೇ ಅಲ್ಲ. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಸುತ್ತ ಕೂತು, ಯಾರು ಯಾರೊಡನೆ ಒಳ್ಳೆಯ ರೀತಿ ನಡೆದುಕೊಂಡರು ಎಂದು ಚರ್ಚಿಸಬೇಕು. ಈ ಚರ್ಚೆ ಪಂದ್ಯಕ್ಕಿಂತ ಉದ್ದ. ಸೋತವರ ಸಿಟ್ಟು ಆರುವಷ್ಟರಲ್ಲಿ ಅಕ್ಕನ ಮನೆಯ ಸಾರೂ ಆರಿರುತ್ತದೆ.

ಪಂದ್ಯದ ದಿನ ಗೊತ್ತುಮಾಡುವುದು ಇನ್ನೊಂದು ಕಥೆ. ನಮ್ಮ ಕಡೆ ಮಕ್ಕಳಿಗೆ ಬಿಡುವು ಸಿಗುವುದು ರೇಷ್ಮೆ ಹುಳ ಬಿಡುವು ಕೊಟ್ಟಾಗ. ಪೊರೆ ಬಿಡುವ ಮೊದಲು ಹುಳಗಳು ತಿನ್ನುವುದನ್ನು ನಿಲ್ಲಿಸಿ ಒಂದು ದಿನ ಮಲಗುತ್ತವೆ. ಇದಕ್ಕೆ ಜ್ವರ ಎನ್ನುತ್ತಾರೆ. ಆ ದಿನ ಸೊಪ್ಪು ಹಾಕುವ ಕೆಲಸವಿಲ್ಲ. ನಮ್ಮೆದುರು ಆಡುವ ರಾಮನಗರದ ತಂಡವನ್ನು ನೋಡಿಕೊಳ್ಳುವವರು ನೂಲು ತೆಗೆಯುವ ಸಾಬರೊಬ್ಬರು. ಅವರು ಫೋನ್ ಮಾಡಿ, "ಮ್ಯಾಚ್ ಯಾವತ್ತು ಗೌಡ್ರೇ?" ಎಂದರೆ ಭಾವ, "ಅದ ಹುಳ ಯೋಳ್ಬೇಕು ಸಾಬ್ರೇ" ಎನ್ನುತ್ತಿದ್ದರು. ಬೇರೆ ಊರಿನವರಾಗಿದ್ದರೆ ಫೋನ್ ಇಟ್ಟುಬಿಡುತ್ತಿದ್ದರು. ಸಾಬರು, "ಆಯ್ತು, ಅವು ಮಲಗ್ಲಿ ಬಿಡಿ" ಎನ್ನುತ್ತಿದ್ದರು.

ಹೀಗೆ ಆಡಿದ ಪಂದ್ಯಗಳನ್ನೆಲ್ಲ ನಮ್ಮವರು ಒಂದು ಗೋಲನ್ನೂ ಹೊಡೆಯದೆ ಸೋತರು.

"ಸೋತ್ರೂ ಸಮಾಜ ಬದ್ಲಾಯ್ತದೆ ಕಣ್ಲಾ" ಎಂದರು ಭಾವ.

"ಇನ್ನೆಷ್ಟು ಸೋಲ್ಬೇಕು ಭಾವ?"

"ಒಸಿ ತಡ್ಕೊ."

ಆ ತಂಡದಲ್ಲಿ ನಿಜವಾಗಿ ಆಡಬಲ್ಲವಳು ರೂಪ ಒಬ್ಬಳೇ. ಕಳೆದ ಬೇಸಿಗೆಯಲ್ಲಿ ರಾಮನಗರದಲ್ಲೇ ಪಂದ್ಯ ಗೊತ್ತಾಯಿತು. ಊರಿನ ಹುಳಗಳೆಲ್ಲ ಮಲಗಿದ್ದವು. ಅವಳ ಅಪ್ಪ ನಿಂಗಣ್ಣನ ಮನೆಯವು ಮಾತ್ರ ನಾಲ್ಕನೇ ಜ್ವರ ಮುಗಿಸಿ ಎದ್ದು ಗಬಗಬನೆ ತಿನ್ನುತ್ತಿದ್ದವು. ರೂಪಳ ಅವ್ವ ದೊಡ್ಡ ಮಗಳ ಬಾಣಂತನಕ್ಕೆ ಕನಕಪುರಕ್ಕೆ ಹೋಗಿದ್ದಳು. ರೂಪಳನ್ನು ಕಳಿಸಿಕೊಡು ಎಂದು ಕೇಳಲು ಭಾವ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು.

"ಹುಳುಕ್ಕೆ ಸೊಪ್ಪು ಯಾರ್ ಹಾಕ್ತಾರೆ ಗೌಡ್ರೇ? ಹೆಣ್ಮಗಾನ ಒಬ್ಳೇ ಅಷ್ಟ್ ದೂರ ಕಳ್ಸಕ್ಕಾಯ್ತದಾ? ಸಾಕು, ಇನ್ಮೇಲೆ ಆಟ ಗೀಟ ಏನೂ ಬ್ಯಾಡ" ಎಂದ ನಿಂಗಣ್ಣ.

ರೂಪ ಕಂಬ ಹಿಡಿದು ನಿಂತಿದ್ದಳು. ಅಳಲಿಲ್ಲ, ನೆಲ ನೋಡುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ.

"ನೀನೇ ಜೊತೇಲಿ ಹೋಗು ನಿಂಗಣ್ಣ. ಹುಳ ನಾ ನೋಡ್ಕತೀನಿ" ಎಂದರು ಭಾವ.

ಸುದ್ದಿ ಕೇಳಿದ ಅಕ್ಕ, "ನಮ್ಮನೇಲಿ ಒಂದಿನ ಸೊಪ್ಪು ಹಾಕ್ದೋರಲ್ಲ ಇವ್ರು. ಆ ಹುಳುಗಳ ಗತಿ ಏನು?" ಎಂದು ನನ್ನನ್ನು ಕಾವಲಿಗೆ ಕಳಿಸಿದಳು. ಭಾವ ದಿನವಿಡೀ ಸೊಪ್ಪು ಕೊಯ್ದರು, ಹೊತ್ತರು, ತಟ್ಟೆ ತಟ್ಟೆಗೂ ಹರಡಿದರು. ನಡುನಡುವೆ ಬಾಗಿಲಿಗೆ ಬಂದು ರಸ್ತೆ ನೋಡಿದರು. "ಇಷ್ಟೊತ್ಗೆ ಹಾಫ್ ಟೈಮ್ ಆಗಿರ್ಬೇಕು" ಎಂದು ಹುಳಗಳಿಗೆ ತಿಳಿಸಿದರು. ಅವು ತಿನ್ನುವುದನ್ನು ನಿಲ್ಲಿಸಲಿಲ್ಲ.

ಸಂಜೆ ಬಸ್ಸಿಗೆ ಅಪ್ಪ, ಮಗಳು ಬಂದರು. ನಿಂಗಣ್ಣ ಕಾಲು ತೊಳೆದು ಒಳಗೆ ಬಂದವನೇ ಮೊದಲು ಹುಳ ನೋಡಿದ. ಒಂದು ಹಿಡಿ ಸೊಪ್ಪೆತ್ತಿ ಪರೀಕ್ಷೆ ಮಾಡಿದ. ಆಮೇಲೆ ಹೇಳಿದ: "ಸೋತ್ವಿ ಕಣ್ ಗೌಡ್ರೇ. ಆದ್ರೆ ನಮ್ ರೂಪ ಒಂದ್ ಗೋಲ್ ಹೊಡುದ್ಲು. ಅಷ್ಟೂ ಜನ ಎದ್ದು ನಿಂತ್ಬುಟ್ರು."

ಕೊನೆಯ ಚರ್ಚೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವನು ಅಪ್ಪನೇ ಎಂದು ರೂಪ ಚಾಡಿ ಹೇಳಿದಳು. ನಿಂಗಣ್ಣ ಟವಲಿನಿಂದ ಮುಖ ಒರೆಸಿಕೊಂಡ. "ಮುಂದುಲ್ ಮ್ಯಾಚ್‌ಗೂ ನೀವೇ ಬಂದು ಸೊಪ್ಪು ಹಾಕ್ತೀರಾ? ನಾ ಮಗಳ್ ಜೊತೆ ಹೋಗ್ಬೇಕು" ಎಂದ.

"ಬತ್ತೀನಿ" ಎಂದರು ಭಾವ. ಅಷ್ಟು ಚಿಕ್ಕ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ತಂಡ ಹುಟ್ಟಿದಂದಿನಿಂದ ಹೊಡೆದದ್ದು ಅದೊಂದೇ ಗೋಲು. ಅದನ್ನು ನೋಡಲು ಕಾದು ಕಾದು ಕೂತಿದ್ದ ಮನುಷ್ಯ ಅದನ್ನೇ ನೋಡಲಿಲ್ಲ. ನನಗೆ ಸಂಕಟವಾಯಿತು.

ರೂಪಳಿಗೂ ಹಾಗೇ ಅನ್ನಿಸಿರಬೇಕು. "ಮಾವ, ಆಚೆ ಬನ್ನಿ" ಎಂದು ಭಾವನನ್ನು ಅಂಗಳಕ್ಕೆ ಕರೆದು ಚೆಂಡು ಇಟ್ಟಳು. ನಿಂಗಣ್ಣ ಯಾರೂ ಹೇಳದೆಯೇ ಪಂಚೆ ಎತ್ತಿ ಕಟ್ಟಿ, ಕೊಟ್ಟಿಗೆ ಬಾಗಿಲಲ್ಲಿ ಗೋಲ್‌ಕೀಪರನಾಗಿ ನಿಂತ. ಅವಳು ಓಡಿ ಬಂದು ಎಡಗಾಲಲ್ಲಿ ಒದ್ದಳು. ನಿಂಗಣ್ಣ ಬೇಕೆಂದೇ ಇನ್ನೊಂದು ಕಡೆಗೆ ಹಾರಿ ಬಿದ್ದ. ಚೆಂಡು ಒಳಗೆ ಹೋಯಿತು.

ಭಾವ ಸೊಪ್ಪಿನ ಹಸಿರು ಹತ್ತಿದ ಕೈಗಳನ್ನು ಕಟ್ಟಿಕೊಂಡು ನಿಂತಿದ್ದರು. "ಇನ್ನೊಂದ್ಸಲ ತೋರ್ಸು ಮಗ" ಎಂದರು.