ಬೀಗಿತ್ತಿಗೆ ತೋರಿಸಿದ ಭಕ್ತಿಯ ಸಿನಿಮಾ

ನಾನು ಕಲಿತದ್ದು ಎರಡನೆಯ ಇಯತ್ತೆ. ಬಿಡಿ ಅಕ್ಷರಗಳನ್ನು ಬೆರಳಿಟ್ಟು ಓದುತ್ತೇನೆ. ಒತ್ತಕ್ಷರ ಅಡ್ಡ ಬಂದರೆ ಅಂದಾಜಿನ ಮೇಲೆ ದಾಟಿಬಿಡುತ್ತೇನೆ. ನನ್ನ ಅಂದಾಜು ತಪ್ಪು ಎಂದು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ!

ಆಗ ಮೊಮ್ಮಗಳು ಕಸ್ತೂರಿಗೆ ಅಗರಖೇಡದ ಗಂಡು ಗೊತ್ತಾಗುವುದರಲ್ಲಿತ್ತು. ಗಂಡಿನ ತಾಯಿ ನೀಲಗಂಗವ್ವ ಹೂಂ ಅನ್ನುವುದೊಂದೇ ಬಾಕಿ. ಹಣೆ ತುಂಬ ವಿಭೂತಿ, ಎರಡು ಹೊತ್ತು ಪೂಜೆ, ಮಾತು ಮಾತ್ರ ಬಲು ತುಟ್ಟಿ. ನಮ್ಮ ಮನೆತನ ನೋಡಲು ಸಿಂದಗಿಗೆ ಬಂದರು. ಹುಡುಗಿಯನ್ನು ನೋಡಿದರು, ಹೋಳಿಗೆ ಉಂಡರು, ಬಾಯಿ ಬಿಡಲಿಲ್ಲ. ನಮ್ಮದು ದೈವಭಕ್ತರ ಮನೆ ಎಂಬುದನ್ನು ಇವರಿಗೆ ಮನಗಾಣಿಸಲೇಬೇಕು ಎಂದು ನಾನು ತೀರ್ಮಾನಿಸಿದೆ.

ಬಸ್‌ಸ್ಟ್ಯಾಂಡಿನ ಗೋಡೆಗೆ ಒಂದು ಸಿನಿಮಾದ ಚಿತ್ರ ಅಂಟಿಸಿದ್ದರು. ಹೆಗಲ ತನಕ ಜಟೆ, ಎದೆ ತನಕ ಗಡ್ಡ, ಕೊರಳಲ್ಲಿ ಮಣಿಸರ, ಬರಿಮೈ, ಕೈಯಲ್ಲಿ ತಂಬೂರಿಯಂಥದ್ದು. ಕಣ್ಣು ಅರೆಮುಚ್ಚಿ ಹಾಡುತ್ತಿದ್ದ. ಸಾಕ್ಷಾತ್ ಸಾಧು! ಕೆಳಗಿನ ಅಕ್ಷರಗಳ ಮೇಲೆ ಬೆರಳಿಟ್ಟೆ. "ವ... ಯ..." ಒತ್ತಕ್ಷರ ಬಂತು. ದಾಟಿದೆ. "...ರಿಗೆ ಮಾತ್ರ." 'ಮಾತ್ರ' ಎಂಬುದು ಬಸ್ಸಿನಲ್ಲಿ ಹೆಂಗಸರ ಸೀಟಿನ ಮೇಲೆ ನೋಡಿ ನೋಡಿ ಗುರುತಾಗಿತ್ತು. ಅಂದರೆ, ವಯಸ್ಸಾದವರಿಗೆ ಮಾತ್ರ!

ಮನೆಯಲ್ಲಿ ಯಜಮಾನರು ಗೊಣಗಿದರು. "ಅದು ಇಂಗ್ಲಿಷ್ ಸಿನಿಮಾ ಐತೆಂತ ಕೇಳೇನಿ."

"ದೇವರಿಗೆ ಭಾಷಾ ಇರತೈತೇನ್ರಿ? ಸುಮ್ಮನ ಕುಂದರ್ರಿ!"

ಕುಳಿತರು.

ಊದಿನಕಡ್ಡಿ ಕಟ್ಟಿಕೊಂಡು ಮಧ್ಯಾಹ್ನದ ಆಟಕ್ಕೆ ನೀಲಗಂಗವ್ವನನ್ನು ಕರೆದೊಯ್ದೆ. ಬಾಗಿಲಲ್ಲಿದ್ದವನು ಕೈ ಅಡ್ಡ ಹಿಡಿದ. "ಆಯೀ, ಇದು ಬ್ಯಾರೆ ನಮೂನಿ ಸಿನಿಮಾರಿ. ನಿಮಗಲ್ಲ."

ನಾನು ಸೆರಗು ಸರಿಸಿ ಬಿಳಿ ತಲೆ ತೋರಿಸಿದೆ. "ಯಾಕೋ, ನಮಗ ವಯಸ್ಸಾಗಿಲ್ಲೇನು?"

"ಆಗೇತ್ರಿ. ಭಾಳ ಆಗೇತಿ," ಎಂದು ಅವನು ಬದಿಗೆ ಸರಿದ.

ಒಳಗೆ ಹೆಂಗಸರ ಕಡೆ ನಾವಿಬ್ಬರೇ. ಆ ಕಡೆ ಮಾತ್ರ ಗಂಡಸರು ತುಂಬಿದ್ದರು, ನಮ್ಮನ್ನು ನೋಡಿದ್ದೇ ಟವೆಲ್ಲು ತಲೆಯ ಮೇಲೆ ಎಳೆದುಕೊಂಡರು. "ನೋಡ್ರಿ ಅಕ್ಕಾರ, ನಮ್ಮೂರ ಗಂಡಸರ ಭಕ್ತಿ!" ಎಂದೆ. ನೀಲಗಂಗವ್ವ ಮೆಚ್ಚಿ ತಲೆದೂಗಿದರು. ಕಸ್ತೂರಿಯ ಮದುವೆ ಅರ್ಧ ಆದಂತೆಯೇ!

ತೆರೆಯ ಮೇಲೆ ಸಾಧು ಬಂದ. ನಾನು ಊದಿನಕಡ್ಡಿ ಹಚ್ಚಿದೆ. ಅವನು ಕರೆಂಟಿನ ತಂಬೂರಿಯನ್ನು ಒಮ್ಮೆ ಬಾರಿಸಿದ್ದೇ ತಡ, ಕೂತ ಕುರ್ಚಿಯೇ ಅದುರಿತು. ಹೊಗೆ ಎದ್ದಿತು, ಹಿಂದೆ ಕೂತ ಡೋಲಿನವನು ದಬದಬ ಬಡಿದ, ಸಾಧು ನೆಲಕ್ಕೆ ಬಿದ್ದು ಒರಲಿದ.

"ಮೈಮ್ಯಾಲ ಬಂದೈತೇನ್ರಿ?" ಎಂದರು ನೀಲಗಂಗವ್ವ.

"ಹೌದ್ರಿ. ಜೋರ ಬಂದೈತಿ."

ಆಮೇಲೆ ಕೋಣೆಯೊಂದರಲ್ಲಿ ಒಬ್ಬ ಹುಡುಗಿ ಬಂದು ಅವನ ಕಾಲಿಗೆ ಬಿದ್ದಳು. ನಾವಿಬ್ಬರೂ ಕೈ ಮುಗಿದೆವು. ಬಿದ್ದವಳು ಏಳಲಿಲ್ಲ. ಅವನೂ ಬಿದ್ದ! ಸೆರಗು ಸರಿಮಾಡಿಕೋ ಎನ್ನೋಣವೆಂದರೆ ಅವಳ ಮೈಮೇಲೆ ಸೀರೆ ಇರಲಿಲ್ಲ. ಸೀರೆ ಹೋಗಲಿ, ಏನೂ ಇರಲಿಲ್ಲ! ಆ ಕಡೆಯ ಭಕ್ತರು ಸೀಟಿ ಹೊಡೆದರು.

ಅಷ್ಟರಲ್ಲಿ ಕಿಟಕಿಯಿಂದ ಕರಿ ಕೈಗವಸು ತೊಟ್ಟ ಒಂದು ಕೈ ಒಳಗೆ ಬಂತು. ಆ ಕೈಯಲ್ಲಿ ಚಾಕು. ಮೂಲೆಯಲ್ಲಿ ಕುಡಿದು ಬಿದ್ದಿದ್ದ ಡೋಲಿನವನ ಬೆನ್ನಿಗೆ ಕಚಕ್!

"ಏಳ್ರಿ ಅಕ್ಕಾರ, ಹೋಗೂಣು!"

"ತಡೀರಿ."

"ಏನ್ ತಡಿಯೂದ್ರಿ, ಮರ್ಯಾದಿ ಹೊಂಟೈತಿ!" ಎಂದು ರಟ್ಟೆ ಹಿಡಿದು ಎಳೆದೆ. ಅವರು ಕುತ್ತಿಗೆ ಹಿಂದಕ್ಕೆ ತಿರುಗಿಸಿಕೊಂಡೇ ಹೊರಗೆ ಬಂದರು. ನೇರ ಹೋಗಿ ಊರಿನ ಬಸ್ಸು ಹತ್ತಿದರು. ಚಹಾ ಸಹ ಕುಡಿಯಲಿಲ್ಲ.

ಸುದ್ದಿ ಕೇಳಿ ಯಜಮಾನರು ಹಣೆ ಬಡಿದುಕೊಂಡರು. "ಅದು ವಯಸ್ಕರು ಅಂತ. ಹದಿನೆಂಟು ದಾಟಿದವರು! ನಿನ್ನ ಅಂದಾಜಿಗೆ ಬೆಂಕಿ ಬೀಳಲಿ!" ಕಸ್ತೂರಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಎಂಟು ದಿನಕ್ಕೆ ನೀಲಗಂಗವ್ವ ಮತ್ತೆ ಬಂದರು. ನನ್ನನ್ನೊಬ್ಬಳನ್ನೇ ಅಡುಗೆಮನೆಗೆ ಕರೆದರು. ಉಗಿಯಲು ಬಂದಿದ್ದಾರೆ ಎಂದು ತಲೆ ತಗ್ಗಿಸಿ ನಿಂತೆ.

"ಹುಡುಗಿ ಪಸಂದ ಅದಾಳ. ಆದ್ರ ಒಂದು ತಿಳೀಬೇಕು. ಆ ಡೋಲಿನಾಂವನ್ನ ಕೊಂದವರು ಯಾರು?"

ಸಿನಿಮಾ ಸಿಂದಗಿ ಬಿಟ್ಟು ಹೋಗಿಯಾಗಿತ್ತು. ಗೊತ್ತಿಲ್ಲ ಎಂದರೆ ಸಂಬಂಧ ಮುರಿದೀತು ಎಂಬ ಭಯ. ಒತ್ತಕ್ಷರ ದಾಟಿದ ಹಾಗೆಯೇ ಇಲ್ಲಿಯೂ ಒಂದು ಅಂದಾಜು ಹೊಡೆದೆ. "ಹಾಡೂ ಹುಡುಗನ ತಾಯಿರಿ. ಸೊಸಿಗೆ ಹೊಟ್ಟಿತುಂಬ ಕೂಳು ಹಾಕದಾಕಿ. ಕಡೀಕೆ ಪೊಲೀಸರು ಬೇಡಿ ಹಾಕಿ ಒಯ್ದರಂತ!"

ನೀಲಗಂಗವ್ವ ನನ್ನ ಮುಖ ನೋಡಿ ಹೂಂ ಅಂದರು. ಮದುವೆ ಗೊತ್ತಾಯಿತು! ನನ್ನ ಜಾಣತನಕ್ಕೆ ನಾನೇ ಒಳಗೊಳಗೆ ಹಿಗ್ಗಿದೆ.

ಮದುವೆಯ ದಿನ ಅಕ್ಕಿಕಾಳು ಬಿದ್ದ ಮೇಲೆ, ಎಲೆಯ ಮುಂದೆ ಕೂತಾಗ, ನೀಲಗಂಗವ್ವ ನನ್ನ ಕಿವಿಗೆ ಬಾಯಿ ಹಚ್ಚಿದರು. "ಸೊಸಿಗೆ ಕೂಳು ಹಾಕ್ತೇನಿ, ಹೆದರಬ್ಯಾಡ್ರಿ. ಆದ್ರ ಕೊಂದಾಕಿ ತಾಯಿ ಅಲ್ಲ."

"ನಿಮಗ್ಹೆಂಗ ಗೊತ್ತರಿ?"

"ಆಮ್ಯಾಲ ಬಸವನ ಬಾಗೇವಾಡ್ಯಾಗ ಅದರ ಆಟ ಇತ್ತು. ತಂಗಿ ಮನಿಗೆ ಹೋಗಿದ್ದೆ. ಪೂರ್ತಿ ನೋಡೇನಿ."

"ಮತ್ತ ಯಾರ್ರಿ?"

"ಸುಳ್ಳು ಹೇಳಿದವರಿಗೆ ನಾ ಹೇಳಂಗಿಲ್ಲ," ಎಂದು ಹುಗ್ಗಿ ಕಲಸಿಕೊಂಡರು.

ಅಂದಿನಿಂದ ಪ್ರತಿ ಹಬ್ಬಕ್ಕೂ ಕೇಳುತ್ತಿದ್ದೇನೆ. ಬಾಯಿ ಬಿಡರು. ಕಸ್ತೂರಿಗೆ ಮಾತ್ರ ಹೇಳಿದ್ದಾರಂತೆ. ಅವಳನ್ನು ಕೇಳಿದರೆ, "ನಮ್ಮತ್ತಿ ಆಣಿ ಹಾಕ್ಯಾರ, ನಿನಗ ಹೇಳಬಾರದಂತ," ಎಂದು ಸೆರಗಿನೊಳಗೆ ನಗುತ್ತಾಳೆ!