ಸವೆದ ಬುಶ್ಶುಗಳ ವಿರುದ್ಧ ಒಂದು ಹೋರಾಟ

ತಪ್ಪನ್ನು ಕಂಡ ಕೂಡಲೇ ಅದನ್ನು ಹೆಸರು ಹಿಡಿದು ಕರೆಯಬೇಕೆಂದು ನನಗೆ ಕಲಿಸಿದ್ದು ನಾನು ಓದಿದ ಶಾಲೆ. ಅಲ್ಲಿ ಬೆತ್ತವಿರಲಿಲ್ಲ, ಮೊದಲ ಸ್ಥಾನ ಬಂದವರಿಗೆ ವಿಶೇಷ ಚಪ್ಪಾಳೆಯೂ ಇರಲಿಲ್ಲ. ಪ್ರತಿ ಶನಿವಾರ ಮಕ್ಕಳೆಲ್ಲ ದುಂಡಗೆ ಕುಳಿತು, ಆ ವಾರ ತಾವು ಕಂಡ ತಪ್ಪುಗಳನ್ನು ಯಾರ ಮುಲಾಜೂ ಇಲ್ಲದೆ ಹೇಳಬೇಕಿತ್ತು. ನನ್ನ ಜೊತೆಯವರು ದೊಡ್ಡವರಾದ ಮೇಲೆ ಆ ಅಭ್ಯಾಸವನ್ನು ಬಿಟ್ಟರು. ನಾನು ಅದನ್ನೇ ಕಾಯಕ ಮಾಡಿಕೊಂಡೆ. ಪಾದಚಾರಿಗಳ ದಾರಿಯ ಮೇಲೆ ವಿರಾಜಮಾನವಾದ ಬೈಕು, ಬಸ್ಸಿನಲ್ಲಿ ಮಹಿಳೆಯರ ಸೀಟು ಹಿಡಿದು ನಿದ್ದೆ ನಟಿಸುವ ಗಂಡಸರು, ಮದುವೆ ಪತ್ರಿಕೆಯಲ್ಲಿ ವರನ ಪದವಿಯನ್ನಷ್ಟೇ ಅಚ್ಚು ಹಾಕಿಸಿ ವಧುವಿನದನ್ನು ನುಂಗಿಬಿಡುವ ಹಿರಿಯರು, ಇವರ್ಯಾರನ್ನೂ ಹಾವೇರಿಯಲ್ಲಿ ನಾನು ಸುಮ್ಮನೆ ಬಿಟ್ಟವಳಲ್ಲ. ಇಷ್ಟೆಲ್ಲ ಕಂಡ ಮೇಲೂ ಆಘಾತಗೊಳ್ಳುವ ನನ್ನ ಶಕ್ತಿ ಕುಂದಿಲ್ಲವೆಂಬುದು ನನಗೇ ಸೋಜಿಗ. "ನೀ ದಿನಾ ಮುಂಜಾನೆ ಹೊಸದಾಗಿ ಹುಟ್ಟಿ ಬರ್ತಿ ನೋಡು, ಎಲ್ಲಾನೂ ಮೊದಲನೇ ಸಲ ಕಂಡಂಗ ಹೌಹಾರ್ತಿ" ಎಂದು ನನ್ನ ಪತಿ ವಿಶ್ವನಾಥ ಹೇಳುವುದುಂಟು. ಆದರೆ ಹುಣಸೆ ಬೀಜದಷ್ಟು ದಪ್ಪದ ಎರಡು ಪ್ಲಾಸ್ಟಿಕ್ ಉಂಗುರಗಳು ನನ್ನನ್ನು ಇಷ್ಟೊಂದು ಕಂಗೆಡಿಸುತ್ತವೆಂದು ನಾನು ಎಂದೂ ಎಣಿಸಿರಲಿಲ್ಲ.

ಮೊದಲು ಕಾರಿನ ವಿಷಯ ಹೇಳಬೇಕು. ರಾಣೆಬೆನ್ನೂರಿನಲ್ಲಿ ನಮ್ಮ ತಂದೆಯದೊಂದು ಹತ್ತಿ ಜಿನ್ನಿಂಗ್ ಮಿಲ್ಲು ಇತ್ತು. ಆಸ್ತಿ ಹಂಚಿಕೆಯ ಮಾತು ಬಂದಾಗ ಹೆಣ್ಣುಮಕ್ಕಳಿಗೆ ಸಮಪಾಲು ಬೇಕೆಂದು ನಾನು ಪಟ್ಟು ಹಿಡಿದೆ. ಅಣ್ಣಂದಿರು ಅಡಿಕೆ ಎಲೆ ಮೆಲ್ಲುತ್ತ ಶಾಂತವಾಗಿ ಕೇಳಿಸಿಕೊಂಡರು. ಕೊನೆಗೆ ಮಿಲ್ಲು ದೊಡ್ಡಣ್ಣನಿಗೆ, ಹೊಲ ಸಣ್ಣಣ್ಣನಿಗೆ, ತಂದೆ ತಮ್ಮ ಹುಮ್ಮಸ್ಸಿನ ಕಾಲದಲ್ಲಿ ತಂದಿಟ್ಟಿದ್ದ ಎರಡೇ ಬಾಗಿಲಿನ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ ಕೆಂಪು ಸ್ಪೋರ್ಟ್ಸ್ ಕಾರು ನನಗೆ ಎಂದು ತೀರ್ಮಾನವಾಯಿತು. "ಒಂದ ಹತ್ತಿ ಚೀಲ ಸೈತ ಹಿಡಿಯಂಗಿಲ್ಲ ಅದರಾಗ. ತಂಗಿ, ನೀನ ತಗೋ, ನಾವ್ ಹೊಟ್ಟಿಕಿಚ್ಚು ಪಡಂಗಿಲ್ಲ" ಎಂದ ದೊಡ್ಡಣ್ಣ. ನಾನು ದಿಗ್ಭ್ರಮೆಗೊಂಡೆ. ಉಳಿದ ಪಾಲಿಗಾಗಿ ನನ್ನ ಹೋರಾಟ ಇಂದಿಗೂ ನಡೆದೇ ಇದೆ. ಆದರೆ ಕೈಗೆ ಬಂದದ್ದನ್ನು ಬೇಡವೆನ್ನುವುದು ಹೇಗೆ? ಸಾರ್ವಜನಿಕ ಸಾರಿಗೆಯ ಪರವಾಗಿ ಭಾಷಣ ಮಾಡುವವಳು ಇಂಥ ಕಾರಿನಿಂದ ಇಳಿಯುವುದನ್ನು ಕಂಡು ನಗುವವರಿಗೆಲ್ಲ ನನ್ನದು ಒಂದೇ ಉತ್ತರ: ಹೆಣ್ಣಿಗೆ ಬಂದ ಪಾಲನ್ನು ಹೆಣ್ಣು ಬಿಟ್ಟುಕೊಡಬಾರದು, ಅದರಲ್ಲಿ ಚೀಲ ಹಿಡಿಯಲಿ, ಬಿಡಲಿ.

ಈ ಕಾರಿನ ಗೇರು ಬರಬರುತ್ತ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿಸಿದ ಸೌಟಿನಂತಾಯಿತು. ಯಾವ ದಿಕ್ಕಿಗೆ ತಳ್ಳಿದರೂ ಹೋಗುತ್ತಿತ್ತು, ಎಲ್ಲಿಗೂ ತಲುಪುತ್ತಿರಲಿಲ್ಲ. ಗೇರಿನ ಹಿಡಿಕೆಯನ್ನೂ ಗೇರ್ ಪೆಟ್ಟಿಗೆಯನ್ನೂ ಕೂಡಿಸುವ ಸರಳಿನ ಎರಡು ತುದಿಗಳಲ್ಲಿ ಬುಶ್ ಎಂಬ ಉಂಗುರಗಳಿರುತ್ತವೆ. ಅವು ಸವೆದರೆ ಕೈ ಹೇಳಿದ್ದು ಪೆಟ್ಟಿಗೆಗೆ ಮುಟ್ಟುವುದಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ಮಾಡಿದ್ದು ಹೊಂದಾಣಿಕೆ, ನನ್ನ ಬದುಕಿನಲ್ಲಿ ನಾನು ಮಾಡಿಕೊಂಡ ಏಕೈಕ ಹೊಂದಾಣಿಕೆ. ಒಂದನೇ ಗೇರು ಬೇಕಾದರೆ ಹಿಡಿಕೆಯನ್ನು ಎಡಕ್ಕೆ ಇನ್ನು ಜಾಗವಿಲ್ಲವೆನ್ನುವಷ್ಟು ಎಳೆದು, ಅಂಗೈಯಿಂದ ತುಸು ಅದುಮಿ, ಮುಂದಕ್ಕೆ ನೂಕಬೇಕು. ಹೀಗೆ ನನ್ನ ಎಡಗೈ ವರ್ಷಗಟ್ಟಲೆ ಪಳಗಿತು.

ಪಳಗಿದ ಕೈ ಕೂಡ ಒಮ್ಮೊಮ್ಮೆ ಸೋಲುತ್ತದೆ. ಸೋತದ್ದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ. ನಾನು ಭಾನುವಾರಗಳಂದು ಹಾವೇರಿಯಲ್ಲಿ ಮಹಿಳೆಯರಿಗಾಗಿ ಚಾಲನಾ ತರಗತಿ ನಡೆಸುತ್ತೇನೆ. ಅದಕ್ಕೆ ಬಾಡಿಗೆಗೆ ತಂದ ಒಂದು ಸಾಧಾರಣ ಕಾರಿದೆ, ಅದರ ಗೇರು ನೆಟ್ಟಗಿದೆ. ಅದರಲ್ಲೇ ಕಲಿತು ಲೈಸೆನ್ಸ್ ಪಡೆದವಳು ರೇಣುಕಾ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಯ ಸೊಸೆ. ಮನೆಯ ಸಣ್ಣ ಗೂಡ್ಸ್ ಗಾಡಿಯನ್ನು ತಾನೇ ಓಡಿಸಿ, ಊರೂರಿಗೆ ಹೋಗಿ, ತಾನೇ ಮಾಲು ಮಾರಬೇಕೆಂಬುದು ಅವಳ ಆಸೆ. ಗಾಡಿಯ ಕೀಲಿಕೈ ಮಾವ ಚನ್ನವೀರಪ್ಪನವರ ಉಡಿದಾರದಲ್ಲಿ ತೂಗುತ್ತಿತ್ತು. ಅವರೊಡನೆ ಅವಳ ಪರವಾಗಿ ಮಾತಾಡಲೆಂದು ಹೋದ ದಿನ, ಅವರು ಮಾಲು ತುಂಬಿಡುವ ವಖಾರದ ಎದುರೇ ನಾನು ಒಂದನೇ ಗೇರು ಹಾಕಿದರೆ ಮೂರನೆಯದು ಬಿದ್ದು ಕಾರು ಗುರ್ ಎಂದು ಸತ್ತುಹೋಯಿತು. ಮತ್ತೆ ಹಾಕಿದೆ, ಮತ್ತೆ ಸತ್ತಿತು. ಹಿಂದೆ ಮೆಣಸಿನಕಾಯಿ ತುಂಬಿದ ಟ್ರ್ಯಾಕ್ಟರುಗಳ ಸಾಲು ಹಾರ್ನ್ ಬಾರಿಸತೊಡಗಿತು.

"ಕಲಸಾಕಿಗೇ ಬರಂಗಿಲ್ಲ, ಕಲತಾಕಿ ಏನ್ ಹೊಡದಾಳು?" ಎಂದರು ಚನ್ನವೀರಪ್ಪನವರು, ಕಟ್ಟೆಯಿಂದ ಏಳದೆಯೇ.

ಇದು ಲಿಂಗಾಧಾರಿತ ಪೂರ್ವಗ್ರಹ, ಮತ್ತು ತಪ್ಪು ನನ್ನ ಕೈಯದಲ್ಲ, ಕಾರಿನದು ಎಂದು ನಾನು ವಿವರಿಸಿದೆ.

"ಎಲ್ಲಾರೂ ಗಾಡಿ ಮ್ಯಾಲೇ ಹಾಕ್ತಾರ್ರಿ ಅಕ್ಕಾರ. ಆತು, ಗಾಡಿ ಸರಿ ಮಾಡಿಸಿಕೊಂಡು ಬರ್ರಿ. ಈ ವಖಾರದ ಮುಂದಿಂದ ಪ್ಯಾಟಿ ಗೇಟಿನತನಕಾ ಒಂದ್ ಸಲನೂ ಗುರ್ ಅನಸದ ಹೊಡದು ತೋರಸ್ರಿ. ಅಲ್ಲೇ ಇಕಿ ಕೈಯಾಗ ಕೀಲಿ ಕೊಡ್ತೀನಿ."

ಒಬ್ಬ ಹೆಣ್ಣುಮಗಳ ಹಕ್ಕನ್ನು ಇನ್ನೊಬ್ಬಳ ಗೇರಿಗೆ ಕಟ್ಟಿಹಾಕುವುದು ಎಷ್ಟು ಅನ್ಯಾಯವೆಂದು ಹೇಳಲು ನಾನು ಬಾಯಿ ತೆರೆದೆ. ಪಕ್ಕದಲ್ಲೇ ನಿಂತಿದ್ದ ರೇಣುಕಾ ನನ್ನ ಮೊಳಕೈ ಚಿವುಟಿದಳು. "ಹೂಂ ಅನ್ರಿ ಅಕ್ಕಾರ. ಇಷ್ಟರಮಟ್ಟಿಗೆ ಬಂದಾರ ಅಂದ್ರ ಅದ ದೊಡ್ಡದು." ನಾನು ಹೂಂ ಎಂದೆ.

ರಾಣೆಬೆನ್ನೂರಿನ ಮೆಕ್ಯಾನಿಕ್ ದಾದಾಪೀರ್ ನಮ್ಮ ತಂದೆಯ ಕಾಲದಿಂದಲೂ ಈ ಕಾರನ್ನು ಬಲ್ಲವನು. ಮೊದಲ ಮಾತಿಗೇ ಆತ ನನ್ನನ್ನು ಆಘಾತಕ್ಕೆ ತಳ್ಳಿದ. "ಸಾಹೇಬ್ರನ್ನ ಕಳಸಬೇಕಿತ್ತಿಲ್ರಿ, ಗೇರಿನ ಕೆಲಸ ನಿಮಗ ತಿಳಿಯಂಗಿಲ್ಲ." ವಿಶ್ವನಾಥರಿಗೆ ಸೈಕಲ್ಲಿಗೆ ಗಾಳಿ ತುಂಬಲೂ ಬಾರದೆಂದು ಅವರ ಅನುಮತಿ ಪಡೆದೇ ನಾನು ಬಹಿರಂಗಪಡಿಸಿದೆ. ದಾದಾಪೀರ್ ಹಿಡಿಕೆಯ ಸುತ್ತಲಿನ ಚರ್ಮದ ಚೀಲ ಬಿಚ್ಚಿ, ಒಳಗಿನ ಬುಶ್ಶನ್ನು ಬೆರಳಲ್ಲಿ ಮುಟ್ಟಿದ. ಅದು ಒಣ ರೊಟ್ಟಿಯ ಚೂರಿನಂತೆ ಉದುರಿತು. ಇಷ್ಟು ದಿನ ನಾನು ಜೀವವನ್ನು ಒಪ್ಪಿಸಿದ್ದು ಈ ಪುಡಿಗೇ ಎಂದು ಅದನ್ನು ಅಂಗೈಗೆ ಸುರಿದುಕೊಂಡು ನೋಡಿದೆ. "ಹೊಸಾದು ತರಸೂದು ಯಾಕ್ರಿ? ನಮ್ಮ ಕಡೆ ಇದಕ್ಕೊಂದು ಔಷಧ ಐತಿ" ಎಂದವನೇ ಗ್ಯಾರೇಜಿನ ಮೂಲೆಯಿಂದ ಹನಿ ನೀರಾವರಿಯ ಕರಿ ಪೈಪಿನ ತುಂಡೊಂದನ್ನು ತಂದ. ಬೀಜೋತ್ಪಾದನೆಯ ಹೊಲಗಳಿಂದ ಉಳಿದ ಈ ಪೈಪು ನಮ್ಮ ಸೀಮೆಯಲ್ಲಿ ಸರ್ವರೋಗಕ್ಕೂ ಮದ್ದು. ಬಾಗಿಲ ಕೀಲಿಗೆ ಅದೇ, ಎಮ್ಮೆಯ ಹಗ್ಗಕ್ಕೆ ಅದೇ, ಸೊಳ್ಳೆ ಪರದೆಯ ಕೋಲಿಗೂ ಅದೇ. ಅದನ್ನು ಬೆರಳಗಲ ಕತ್ತರಿಸಿ ಸರಳಿಗೆ ತೊಡಿಸಿದ. ಮರುಬಳಕೆಯ ತತ್ತ್ವಕ್ಕೆ ಮನಸೋತು ನಾನೂ ಒಪ್ಪಿದೆ. ಅಲ್ಲಿಂದ ಹಲಗೇರಿಗೆ ಬಾಲ್ಯವಿವಾಹದ ವಿರುದ್ಧ ಮಾತಾಡಲು ಹೊರಟವಳು ಗೇರು ಬೀಳದೆ ಆ ಊರ ಹೊಸ್ತಿಲಲ್ಲೇ ನಿಂತುಬಿಟ್ಟೆ. ಪೈಪು ಬಿಸಿಗೆ ಕರಗಿ ಸರಳಿನ ತುಂಬ ಜೋನಿಬೆಲ್ಲದಂತೆ ಅಂಟಿತ್ತು. ಮರಳಿ ಬಂದು ಹೇಳಿದರೆ ದಾದಾಪೀರ್ ಚೂರೂ ನಾಚಲಿಲ್ಲ. "ಪೈಪಿನ ತಪ್ಪಲ್ರಿ, ಈ ಕಂಪನಿ ಪೈಪು ಈಗೀಗ ಬರೋಬರಿ ಬರವಲ್ದು."

ಕೊನೆಗೆ ಅಸಲಿ ಬುಶ್ಶುಗಳನ್ನು ದೂರದ ಪುಣೆಯಿಂದ ತರಿಸಿದೆ. ಪೊಟ್ಟಣ ಬಿಚ್ಚಿದಾಗ ಮತ್ತೆ ಆಘಾತ: ಉಂಗುರಗಳು ಹುಣಸೆ ಬೀಜದಷ್ಟು, ಅವುಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ಕು ಮದುಮಗಳ ಸೀರೆಯಷ್ಟು. ದಾದಾಪೀರನ ಗ್ಯಾರೇಜಿಗೆ ಹೋಗಿ, ನನ್ನ ಕೈಯಿಂದಲೇ ಕೂಡಿಸುತ್ತೇನೆಂದು ನಾನು ಹಟ ಹಿಡಿದೆ, ಏಕೆಂದರೆ ಶ್ರಮದ ಘನತೆ ಭಾಷಣದಲ್ಲಷ್ಟೇ ಇರಬಾರದು. ಹೊಸ ಬುಶ್ಶು ಕಲ್ಲಿನಷ್ಟು ಗಟ್ಟಿ. ಬಿಸಿನೀರಲ್ಲಿ ಮೆತ್ತಗಾಗಿಸಿ ಒತ್ತಬೇಕು. ಪಕ್ಕದ ಚಹಾ ಅಂಗಡಿಯಾತ ಕುದಿಯುವ ನೀರಿನ ಪಾತ್ರೆಯನ್ನು ಮುಂದಿಟ್ಟು, "ಬಾಯಾರ, ಸಕ್ರಿ ಹಾಕ್ಲ್ಯೋ, ಹಂಗ ಸಪ್ಪಂದೋ?" ಎಂದು ಕೇಳಿದ. ಜಾಕ್ ಹಾಕಿ ಎತ್ತಿದ ಕಾರಿನ ಅಡಿಗೆ ಅಂಗಾತ ಮಲಗಿ, ಕೈಗೆ ಗ್ರೀಸ್ ಬಳಿದುಕೊಂಡು ನಾನು ಒತ್ತುತ್ತಿದ್ದರೆ ಹೊರಗೆ ನಾಲ್ಕು ಜನ ನಿಂತು, "ಪಾಪ, ಮನ್ಯಾಗ ಯಾರೂ ಗಂಡಸರಿಲ್ಲೇನ?" ಎಂದು ಮರುಗುತ್ತಿದ್ದರು. ಅಡಿಯಿಂದಲೇ ನಾನು ಉತ್ತರಿಸಿದೆ. ಅಡಿಯಿಂದ ಬಂದ ಉತ್ತರಕ್ಕೆ ತೂಕ ಬರುವುದಿಲ್ಲವೆಂದು ಅಂದೇ ಕಲಿತೆ. ಆದರೂ ಬುಶ್ಶು ಟಕ್ ಎಂದು ಕುಳಿತಿತು. ಹೊರಗೆ ಬಂದು ಗೇರು ಹಾಕಿ ನೋಡಿದರೆ ಅದು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಒಂದನೆಯದು ಒಂದನೆಯದರ ಜಾಗದಲ್ಲೇ ಇತ್ತು. ನ್ಯಾಯವೆಂಬುದು ಕೈಗೆ ಹೀಗೆ ಹತ್ತುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಮರುದಿನವೇ, ಹಾವೇರಿಗೆ ಬಂದಿದ್ದ ರೇಣುಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ಯಾಡಗಿಗೆ ಹೊರಟೆ. ದಾರಿಯುದ್ದಕ್ಕೂ ಒಂದೊಂದು ಗೇರನ್ನೂ ಯೋಚಿಸಿ, ಮನಸ್ಸಿನಲ್ಲೇ ಉಚ್ಚರಿಸಿ ಹಾಕಿದೆ. ಒಂದು ತಪ್ಪೂ ಆಗಲಿಲ್ಲ. ವಖಾರದ ಮುಂದೆ ಚನ್ನವೀರಪ್ಪನವರು ಕಟ್ಟೆಯ ಮೇಲೆ, ಅವರ ಹಿಂದೆ ಹಮಾಲರು, ದಲಾಲರು, ಇಕ್ಕೆಲದಲ್ಲೂ ಕಾರಿನ ಹಿಂಬದಿಗೂ ಕೆಂಪು ಮೆಣಸಿನಕಾಯಿಯ ಚೀಲಗಳ ಗೋಡೆ. ಇಂಜಿನ್ ಚಾಲೂ ಇಟ್ಟು ಹೊರಡಬೇಕೆನ್ನುವಷ್ಟರಲ್ಲಿ ಅವರೇ ಎದ್ದು ಬಂದು ಕಾರಿನ ಮುಂದೆ ಬಗ್ಗಿ ಏನನ್ನೋ ಕಟ್ಟತೊಡಗಿದರು. ಲಿಂಬೆಹಣ್ಣು, ಮೆಣಸಿನಕಾಯಿ.

"ದೃಷ್ಟಿ ಆಗಬಾರದಲ್ರಿ ಅಕ್ಕಾರ. ನಮ್ಮ ಅಂಗಡಿ ಮಾಲ, ಖಾಸ್ ಡಬ್ಬಿ ಮೆಣಸಿನಕಾಯಿ" ಎಂದರು, ಪ್ರೀತಿಯಿಂದಲೇ.

ಮೂಢನಂಬಿಕೆಯನ್ನು ನನ್ನ ಬಂಪರಿಗೇ ಕಟ್ಟುವುದೆಂದರೆ! ಅವರು ಬದಿಗೆ ಸರಿದದ್ದೇ ತಡ, ನಾನು ಕಿಟಕಿಯಿಂದ ತಲೆ ಹೊರಹಾಕಿ ಮಾತು ಆರಂಭಿಸಿದೆ. ವೈಜ್ಞಾನಿಕ ಮನೋಭಾವ ಎಂಬ ಪದದವರೆಗೆ ಬಂದಿದ್ದೆ. ಬಾಯಿ ತನ್ನ ಕೆಲಸದಲ್ಲಿದ್ದಾಗ ಎಡಗೈ ತನ್ನ ಹಳೆಯ ಕೆಲಸಕ್ಕೆ ಹೋಯಿತು. ಎಡಕ್ಕೆ ಪೂರ್ತಿ ಎಳೆದು, ಅದುಮಿ, ಮುಂದಕ್ಕೆ ನೂಕಿತು. ನೆಟ್ಟಗಾದ ಗೇರಿನಲ್ಲಿ ಅದು ಹಿಮ್ಮುಖ ಗೇರಿನ ದಾರಿ. ಕಾರು ನನ್ನ ಭಾಷಣವನ್ನೂ ನನ್ನನ್ನೂ ಹೊತ್ತು ಹಿಂದಕ್ಕೆ ಹಾರಿ ಚೀಲಗಳ ಗೋಡೆಗೆ ಕುಂಡೆ ಊರಿತು. ಒಂದು ಚೀಲ ಬಿರಿದು, ಕೆಂಪು ಧೂಳು ಮೋಡದಂತೆ ಎದ್ದಿತು.

ಆಮೇಲೆ ಇಡೀ ಪೇಟೆ ಸೀನಿತು. ಹಮಾಲರು ಸೀನಿದರು, ದಲಾಲರು ಸೀನಿದರು, ಚನ್ನವೀರಪ್ಪನವರು ತಲೆಗೆ ಸುತ್ತಿದ ಪಟಕದ ಸೆರಗನ್ನು ಮೂಗಿಗೆ ಒತ್ತಿ ಗಂಭೀರವಾಗಿ ಸೀನಿದರು. ನಾನು ವೈಜ್ಞಾನಿಕ ಮನೋಭಾವವನ್ನು ಮುಗಿಸಲಾಗದೆ ಸೀನಿದೆ. ಗೆದ್ದೇಬಿಟ್ಟೆನೆಂದುಕೊಂಡಿದ್ದ ಹೋರಾಟ, ರೇಣುಕಾಳ ಕೀಲಿಕೈ, ಎಲ್ಲವೂ ಆ ಕೆಂಪು ಮೋಡದಲ್ಲಿ ಮುಳುಗಿದ್ದನ್ನು ನೋಡುತ್ತ ಸ್ಟೀರಿಂಗ್ ಹಿಡಿದೇ ಕುಳಿತೆ.

"ಇಳೀರಿ ಅಕ್ಕಾರ" ಎಂದಳು ರೇಣುಕಾ, ಸೆರಗನ್ನು ಮೂಗಿಗೆ ಬಿಗಿದುಕೊಂಡು.

"ರೇಣುಕಾ, ಇದು ನಿನ್ನ ಸ್ವಾಭಿಮಾನದ..."

"ಇಳೀರಿ. ಆಮ್ಯಾಲ ಮಾತಾಡೂಣು."

ಇಳಿದೆ. ಅವಳು ಈ ಕಡೆಯ ಸೀಟಿಗೆ ಬಂದು ಕುಳಿತಳು. ಎರಡು ಬೆರಳಲ್ಲಿ ಗೇರು ಹಾಕಿದಳು. ಕಾರು ಚೀಲಗಳಿಂದ ನುಣ್ಣಗೆ ಬಿಡಿಸಿಕೊಂಡು, ಬಂಡಿಯೊಂದನ್ನು ತಪ್ಪಿಸಿ, ಎದುರು ಬಂದ ಟ್ರ್ಯಾಕ್ಟರಿಗೆ ದಾರಿ ಕೊಟ್ಟು, ಲಿಂಬೆಹಣ್ಣು ತೂಗಾಡಿಸುತ್ತ ಪೇಟೆಯ ಗೇಟಿನವರೆಗೆ ಹೋಗಿ, ತಿರುಗಿ ಬಂದು ವಖಾರದ ಮುಂದೆ ನಿಂತಿತು. ಒಂದು ಸಲವೂ ಗುರ್ ಎನ್ನಲಿಲ್ಲ. ಅವಳು ಕಲಿತದ್ದು ನೆಟ್ಟಗಿನ ಗೇರಿನಲ್ಲಿ. ನೆಟ್ಟಗಿದ್ದುದರಲ್ಲಿ ಅವಳಿಗೆ ಆಶ್ಚರ್ಯವೇನೂ ಇರಲಿಲ್ಲ.

ಚನ್ನವೀರಪ್ಪನವರು ಕಣ್ಣೊರೆಸಿಕೊಂಡರು. ಅದು ಭಾವನೆಯಿಂದಲ್ಲ, ಘಾಟಿನಿಂದ. ಉಡಿದಾರದಿಂದ ಕೀಲಿಕೈ ಬಿಚ್ಚಿ ಸೊಸೆಯ ಕೈಗಿಟ್ಟರು. "ನಾಳೆ ಮೋಟೆಬೆನ್ನೂರಿಗೆ ಮಾಲು ಒಯ್ಯೂದೈತಿ. ನೀನ ಒಯ್ಯವಾ." ನನ್ನ ಕಡೆ ತಿರುಗಿದರು. "ಅಕ್ಕಾರ, ಛಲೋ ಕಲಿಸೀರಿ. ನೀವೂ ಇಕಿ ಕಡೆ ಒಂದೀಟು ಕಲೀರಿ."

ಹಕ್ಕನ್ನು ಬಹುಮಾನದಂತೆ ಕೊಡುವುದೂ ಒಂದು ತಪ್ಪೇ. ಹೆಸರು ಹಿಡಿದು ಕರೆಯಲೇಬೇಕಾದ ತಪ್ಪು. ಆದರೆ ಆ ಹೊತ್ತಿಗೆ ನನಗೆ ಮತ್ತೊಂದು ಸೀನು ಬಂತು.

ಈಗ ಭಾನುವಾರಗಳಂದು ನಾನು ಸ್ಥಾಪಿಸಿದ ತರಗತಿಯಲ್ಲಿ ನಾನೂ ಒಬ್ಬ ವಿದ್ಯಾರ್ಥಿನಿ. ಕಲಿಸುವವಳು ರೇಣುಕಾ, ಬ್ಯಾಡಗಿಯಿಂದ ತನ್ನ ಗೂಡ್ಸ್ ಗಾಡಿಯಲ್ಲೇ ಬರುತ್ತಾಳೆ. ನನ್ನ ಮಟ್ಟಿಗೆ ಅವಳದು ಒಂದೇ ಕಟ್ಟಳೆ: "ಗೇರ್ ಬದಲಸೂ ಮುಂದ ಬಾಯಿ ಬಿಡಬ್ಯಾಡ್ರಿ ಅಕ್ಕಾರ. ನಾಕನೇದು ಬಿದ್ದ ಮ್ಯಾಲ ಏನ್ ಬೇಕಾದ್ದು ಅನ್ರಿ." ಇದು ಅಭಿವ್ಯಕ್ತಿ ಸ್ವಾತಂತ್ರ್ಯದ ನೇರ ಉಲ್ಲಂಘನೆಯೆಂದು ನಾನು ಬಲ್ಲೆ, ಹೇಳಹೊರಟರೆ ಹಿಂದಕ್ಕೆ ಹೋಗುತ್ತೇನೆಂಬುದನ್ನೂ ಬಲ್ಲೆ. ಆದ್ದರಿಂದ ನಾಲ್ಕನೇ ಗೇರಿಗಾಗಿ ಕಾಯುತ್ತೇನೆ. ಹಾವೇರಿಯ ಊರೊಳಗೆ ದನ, ಬಂಡಿ, ಅವೈಜ್ಞಾನಿಕ ರಸ್ತೆ ಉಬ್ಬು, ಅಡ್ಡ ನಿಂತ ಬೈಕುಗಳ ನಡುವೆ ಎರಡನೆಯದರ ಆಚೆಗೆ ಹೋಗುವ ಅವಕಾಶ ಯಾರಿಗೂ ಸಿಗುವುದಿಲ್ಲ. ಆ ಪ್ರತಿಯೊಂದು ತಪ್ಪನ್ನೂ ನೋಡುತ್ತೇನೆ, ಪ್ರತಿಯೊಂದಕ್ಕೂ ಆಘಾತಗೊಳ್ಳುತ್ತೇನೆ, ತುಟಿ ಬಿಗಿದು ಮುಂದೆ ಸಾಗುತ್ತೇನೆ. ಅಕ್ಕಾರು ಇತ್ತೀಚೆಗೆ ಭಾಳ ಶಾಂತ ಆಗ್ಯಾರ, ವಯಸ್ಸಿನ ಪಕ್ವತೆ ಎಂದು ಊರವರು ವಿಶ್ವನಾಥರ ಮುಂದೆ ಮೆಚ್ಚಿ ಮಾತಾಡಿದರಂತೆ.